ಮಾದರಿಗಿಂತ ಚೀಟಿ ಮುಖ್ಯ

ಹಳೆಯ ಬಂಗಲೆ, ಅರಮನೆ, ಕ್ಲಬ್ಬುಗಳ ಗೋಡೆಯ ಮೇಲೆ ಬಾಯಿ ತೆರೆದು ನಿಂತ ಹುಲಿಯ ತಲೆಯನ್ನು ನಮ್ಮಲ್ಲಿ ಬಹಳ ಮಂದಿ ಸಿನಿಮಾದಲ್ಲಾದರೂ ನೋಡಿರುತ್ತೇವೆ. ಅದು ನಿಜವಾದ ಹುಲಿಯೋ ಗೊಂಬೆಯೋ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಎರಡೂ ಹೌದು. ಹೊರಗಿನ ಚರ್ಮ ನಿಜವಾದದ್ದು, ಒಳಗಿರುವುದೆಲ್ಲ ಮನುಷ್ಯ ಮಾಡಿದ್ದು. ಹೀಗೆ ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿ, ಜೀವಂತವಾಗಿರುವಂತೆ ನಿಲ್ಲಿಸುವ ಕಲೆಗೆ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಟ್ಯಾಕ್ಸಿಸ್ ಎಂದರೆ ಜೋಡಣೆ, ಡರ್ಮಾ ಎಂದರೆ ಚರ್ಮ.

ಈ ಕಲೆಯಲ್ಲಿ ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದ ಕಾರ್ಖಾನೆ ಇದ್ದದ್ದು ನಮ್ಮ ಪಕ್ಕದ ಮೈಸೂರಿನಲ್ಲಿ. ಕಾಡಂಚಿನ ಊರಿನವರಾದ ನಮಗೆ ಈ ವಿಷಯ ತಿಳಿದಿರಬೇಕು. ಪ್ರಾಣಿ, ಪಕ್ಷಿ, ಮೂಳೆ, ಕೊಂಬು ನಮಗೆ ಹೊಸದಲ್ಲ. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಮುಟ್ಟಲೂಬಾರದು, ಇಟ್ಟುಕೊಂಡದ್ದು ವಿಜ್ಞಾನಕ್ಕೆ ಉಪಯೋಗವಾಗಬೇಕಾದರೆ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚರ್ಮ ಮಾತ್ರ ನಿಜ

ಹುಲಿಯ ಹೊಟ್ಟೆಯೊಳಗೆ ಹುಲ್ಲು ತುಂಬಿ ಹೊಲಿಯುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಬಹಳ ಹಿಂದೆ ಹಾಗೆಯೇ ಮಾಡುತ್ತಿದ್ದರು. ಆದರೆ ಹಾಗೆ ಮಾಡಿದ ಪ್ರಾಣಿ ದಿಂಬಿನಂತೆ ಉಬ್ಬಿಕೊಂಡು ಕಾಣುತ್ತದೆ, ಕೆಲವು ವರ್ಷಗಳಲ್ಲಿ ಆಕಾರವೂ ಕೆಡುತ್ತದೆ. ಒಳ್ಳೆಯ ಕೆಲಸಗಾರರ ವಿಧಾನ ಬೇರೆ.

ಮೊದಲ ಹೆಜ್ಜೆ ನಮಗೆಲ್ಲ ಗೊತ್ತಿರುವುದೇ. ಬಕ್ರೀದ್ ದಿನ ಕುರ್ಬಾನಿಯ ಚರ್ಮವನ್ನು ಸುಲಿದ ಕೂಡಲೇ ಹರಡಿ ಉಪ್ಪು ಸವರುತ್ತಾರೆ. ತಡವಾದರೆ ಕೂದಲು ಉದುರುತ್ತದೆ, ವಾಸನೆ ಬರುತ್ತದೆ, ಮಂಡಿಯವರು ಬೆಲೆ ಇಳಿಸುತ್ತಾರೆ. ಕಾರಣ ಸರಳ. ಚರ್ಮದಲ್ಲಿರುವ ನೀರಿನ ಅಂಶದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಉಪ್ಪು ಆ ನೀರನ್ನು ಹೊರಗೆ ಎಳೆಯುತ್ತದೆ. ಇದು ನಾವು ಜೀವಶಾಸ್ತ್ರದಲ್ಲಿ ಓದುವ ಆಸ್ಮೋಸಿಸ್. ಬೇಟೆಯ ಕಾಲದಲ್ಲಿ ಹುಲಿ, ಚಿರತೆಯ ಚರ್ಮಕ್ಕೂ ಕಾಡಿನ ಡೇರೆಯಲ್ಲೇ ಹೀಗೆ ಉಪ್ಪು ಹಾಕಿ ಒಣಗಿಸಿ ಮೈಸೂರಿಗೆ ಕಳುಹಿಸುತ್ತಿದ್ದರು.

ಕಾರ್ಖಾನೆಗೆ ಬಂದ ಚರ್ಮವನ್ನು ಹದಮಾಡಿ, ಒಳಭಾಗವನ್ನು ಹೆರೆದು ತೆಳುಮಾಡುತ್ತಿದ್ದರು. ಇತ್ತ ಪ್ರಾಣಿಯ ಅಳತೆಗೆ ತಕ್ಕ ಅಚ್ಚಿನಲ್ಲಿ ಕಾಗದ ಮತ್ತು ಅಂಟನ್ನು ಪದರ ಪದರವಾಗಿ ಒತ್ತಿ ಟೊಳ್ಳಾದ ದೇಹವೊಂದನ್ನು ತಯಾರಿಸುತ್ತಿದ್ದರು. ಭುಜದ ಸ್ನಾಯು ಎಲ್ಲಿ ಉಬ್ಬುತ್ತದೆ, ಘರ್ಜಿಸುವಾಗ ಮೂಗಿನ ಮೇಲೆ ಎಷ್ಟು ಸುಕ್ಕು ಬೀಳುತ್ತದೆ ಎಂಬುದೆಲ್ಲ ಆ ಅಚ್ಚಿನಲ್ಲೇ ಇರುತ್ತಿತ್ತು. ಅದರ ಮೇಲೆ ಚರ್ಮವನ್ನು ಅಂಗಿ ತೊಡಿಸಿದಂತೆ ತೊಡಿಸಿ, ಅಂಟಿಸಿ, ಹೊಲಿಗೆ ಕಾಣದಂತೆ ಹೊಲಿಯುತ್ತಿದ್ದರು. ಕಣ್ಣು ಗಾಜಿನದು. ನಾಲಿಗೆ ಮತ್ತು ಒಸಡನ್ನು ಪ್ರತ್ಯೇಕವಾಗಿ ಮಾಡಿ ಬಣ್ಣ ಹಚ್ಚುತ್ತಿದ್ದರು. ಶಿಲ್ಪಿ, ಚರ್ಮಗಾರ, ದರ್ಜಿ, ಬಣ್ಣಗಾರ, ಅಂಗರಚನೆ ಬಲ್ಲ ವೈದ್ಯ ಇವರೆಲ್ಲರ ಕೆಲಸ ಒಂದೇ ಪ್ರಾಣಿಯಲ್ಲಿ ಸೇರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಹುಳು ಹಿಡಿಯದಿರಲಿ ಎಂದು ಹಿಂದಿನ ಕಾಲದಲ್ಲಿ ಚರ್ಮಕ್ಕೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುವ ರೂಢಿ ಅನೇಕ ದೇಶಗಳಲ್ಲಿತ್ತು. ಆರ್ಸೆನಿಕ್ ಘೋರ ವಿಷ, ನೂರು ವರ್ಷವಾದರೂ ಆವಿಯಾಗಿ ಹೋಗುವುದಿಲ್ಲ. ಆದ್ದರಿಂದ ಹಳೆಯ ಪ್ರಾಣಿ ಮಾದರಿಗಳನ್ನು ಎಲ್ಲಿ ಕಂಡರೂ ಕೈಯಿಂದ ಸವರಬಾರದು.

ಮೈಸೂರಿನ ಕಾರ್ಖಾನೆ

ಆ ಕಾರ್ಖಾನೆಯ ಹೆಸರು ವ್ಯಾನ್ ಇಂಗೆನ್ ಆಂಡ್ ವ್ಯಾನ್ ಇಂಗೆನ್. ಡಚ್ ಮೂಲದ ಕುಟುಂಬಕ್ಕೆ ಸೇರಿದ ಯೂಜಿನ್ ವ್ಯಾನ್ ಇಂಗೆನ್ ಸುಮಾರು 1900ರಲ್ಲಿ ಇದನ್ನು ಮೈಸೂರಿನಲ್ಲಿ ಆರಂಭಿಸಿದರು. ಆಗ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರ್ ಜನರಿಗೂ ಯುದ್ಧ ನಡೆಯುತ್ತಿತ್ತು. ಅವರ ಮಕ್ಕಳಾದ ಬೋಥಾ, ಡಿವೆಟ್, ಜೋಬರ್ಟ್ ಎಂಬುವರ ಹೆಸರುಗಳು ಆ ಯುದ್ಧದ ಬೋಯರ್ ನಾಯಕರ ಹೆಸರುಗಳೇ. ಮುಂದೆ ಮಕ್ಕಳೇ ಕಾರ್ಖಾನೆಯನ್ನು ಬೆಳೆಸಿದರು. ಮೈಸೂರಿನ ಮಹಾರಾಜರು, ಬೇರೆ ಸಂಸ್ಥಾನಗಳ ರಾಜರು, ಬ್ರಿಟಿಷ್ ಅಧಿಕಾರಿಗಳು, ವಿದೇಶಿ ಬೇಟೆಗಾರರು ಎಲ್ಲರೂ ಇವರ ಗಿರಾಕಿಗಳು. ಚರ್ಮ ಹದಮಾಡಿದವರು, ಅಚ್ಚು ಒತ್ತಿದವರು, ಹೊಲಿದವರು ಮೈಸೂರಿನ ಸಾಮಾನ್ಯ ಕುಶಲಕರ್ಮಿಗಳು. ಮಾದರಿಯ ಕೆಳಗಿನ ಫಲಕದಲ್ಲಿ ಕಂಪನಿಯ ಹೆಸರು ಇರುತ್ತಿತ್ತು, ಇವರ ಹೆಸರು ಇರುತ್ತಿರಲಿಲ್ಲ.

ಈ ಕಂಪನಿಯ ಇತಿಹಾಸವನ್ನು ಬರೆದವರು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಪ್ಯಾಟ್ ಮಾರಿಸ್. ಈ ಒಂದು ಕಾರ್ಖಾನೆಯ ಮೂಲಕ ಹಾದುಹೋದ ಹುಲಿ ಮತ್ತು ಚಿರತೆಗಳ ಸಂಖ್ಯೆ ಸುಮಾರು 43,000 ಎಂದು ಅಂದಾಜಿಸಲಾಗಿದೆ. ಕಾರ್ಖಾನೆ ನಡೆದದ್ದು ಸುಮಾರು ನೂರು ವರ್ಷ. ಲೆಕ್ಕ ಹಾಕಿದರೆ ನೂರು ವರ್ಷವೂ ಸರಾಸರಿ ದಿನಕ್ಕೆ ಒಂದಕ್ಕಿಂತ ಹೆಚ್ಚು. 2022ರ ಗಣತಿಯ ಪ್ರಕಾರ ಇಡೀ ಭಾರತದಲ್ಲಿ ಇರುವ ಹುಲಿಗಳು ಸರಾಸರಿ 3,682, ಅದರಲ್ಲಿ ಕರ್ನಾಟಕದ್ದು 563. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಬೇಟೆಯ ಕಾಲದಲ್ಲಿ ಕಾಡಿಗೆ ಏನಾಯಿತೆಂದು ತಿಳಿಯುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹುಲಿ ಬೇಟೆ ನಿಂತಿತು, ಕಾರ್ಖಾನೆಯ ಕೆಲಸ ಇಳಿಯುತ್ತ ಹೋಯಿತು, 1990ರ ದಶಕದ ಕೊನೆಗೆ ಬಾಗಿಲು ಮುಚ್ಚಿತು. ಸಹೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜೋಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ ನೂರು ವರ್ಷ ತುಂಬಿದ ಮೇಲೆ ಮೈಸೂರಿನಲ್ಲೇ ತೀರಿಕೊಂಡರು.

ಇವರ ಕೈಚಳಕವನ್ನು ಮೆಚ್ಚಲೇಬೇಕು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟೊಂದು ಪ್ರಾಣಿಗಳನ್ನು ಕಾಪಾಡಿ ಇಟ್ಟ ಮೇಲೂ ಅವುಗಳಿಂದ ವಿಜ್ಞಾನ ಕಲಿತದ್ದೆಷ್ಟು? ಗೋಡೆಗೆ ಹೋದ ಹುಲಿಯ ಕೆಳಗೆ ಕೊಂದವರ ಹೆಸರು, ಹುಲಿಯ ಉದ್ದ ಬರೆದಿರುತ್ತಿತ್ತು. ಅದರ ಹೊಟ್ಟೆಯಲ್ಲಿ ಏನಿತ್ತು, ಎಷ್ಟು ವಯಸ್ಸಾಗಿತ್ತು, ಮರಿ ಹಾಕಿತ್ತೇ ಎಂಬುದನ್ನು ಕೇಳಿದವರು ಕಡಿಮೆ. ಗೋಡೆಗೆ ಬೇಕಾದದ್ದು ಅಲಂಕಾರ. ಹೀಗೆ ಇಟ್ಟದ್ದಕ್ಕೆ ಟ್ರೋಫಿ ಎನ್ನುತ್ತಾರೆ. ವಿಜ್ಞಾನಕ್ಕಾಗಿ ಇಟ್ಟದ್ದಕ್ಕೆ ಮಾದರಿ ಎನ್ನುತ್ತಾರೆ. ಇವೆರಡರ ವ್ಯತ್ಯಾಸ ತಿಳಿಯಲು ನಮ್ಮ ಕಾವೇರಿಯದೇ ಒಂದು ಮೀನಿನ ಕಥೆ ಇದೆ.

ಹೆಸರಿಲ್ಲದೆ ಉಳಿದ ಮೀನು

1946ರ ಮಾರ್ಚ್‌ನಲ್ಲಿ ಡಿವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ ಗಾಳ ಹಾಕಿ ಒಂದು ಮಹಶೀರ್ ಮೀನನ್ನು ಹಿಡಿದರು. ಅದರ ತೂಕ 120 ಪೌಂಡ್, ಅಂದರೆ ಸುಮಾರು 54 ಕಿಲೋ. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿಯಷ್ಟು ಭಾರ. ಗಾಳದಲ್ಲಿ ಹಿಡಿದ ಮಹಶೀರ್‌ಗಳಲ್ಲಿ ಇದು ವಿಶ್ವ ದಾಖಲೆಯಾಯಿತು.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಈ ಮೀನಿಗೆ ಬೆನ್ನಿನ ಮುಂಭಾಗದಲ್ಲಿ ಗೂನು ಇರುತ್ತದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಬ್ರಿಟಿಷರು ಇದರ ಬೆನ್ನು ಹತ್ತಿ ಬರುತ್ತಿದ್ದರು. ನಮ್ಮ ತಾಲ್ಲೂಕಿನ ಅಂಚಿನಲ್ಲೇ ಹರಿಯುವ ಕಾವೇರಿಯ ದಂಡೆಯಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಮುಂತಾದ ಜಾಗಗಳು ಹೊರದೇಶಗಳಲ್ಲಿ ಹೆಸರಾದದ್ದೇ ಈ ಮೀನಿನಿಂದ. ಮೀನಿನ ಫೋಟೋಗಳು ಬೇಕಾದಷ್ಟಿದ್ದವು. ಹಿಡಿದವರ ಹೆಸರು, ತೂಕದ ದಾಖಲೆಗಳೂ ಇದ್ದವು. ಆದರೆ ವಿಜ್ಞಾನಿಗಳು ಅಳೆದು, ಹುರುಪೆ ಎಣಿಸಿ, ಬೇರೆ ಜಾತಿಗಳೊಂದಿಗೆ ಹೋಲಿಸಿ ನೋಡಲು ಮ್ಯೂಸಿಯಂನಲ್ಲಿ ಸರಿಯಾಗಿ ಇಟ್ಟ ಮಾದರಿಗಳ ಕೊರತೆ ಇತ್ತು. ಇದರಿಂದಾಗಿ ಇಷ್ಟು ಪ್ರಸಿದ್ಧವಾದ ಮೀನು ಯಾವ ಪ್ರಭೇದ ಎಂಬುದೇ ಇತ್ಯರ್ಥವಾಗಲಿಲ್ಲ.

2007ರಲ್ಲಿ ಕೇರಳದ ವಿಜ್ಞಾನಿಗಳು ಕಾವೇರಿಯ ಉಪನದಿಯಾದ ಪಾಂಬಾರ್‌ನಲ್ಲಿ ಸಿಕ್ಕ ಸಣ್ಣ ಮೀನುಗಳ ಆಧಾರದ ಮೇಲೆ ಟಾರ್ ರಮಾದೇವಿ ಎಂಬ ಹೊಸ ಪ್ರಭೇದವನ್ನು ವಿವರಿಸಿದ್ದರು. ಆ ಮಾದರಿಗಳು ಎಲ್ಲಿ ಸಿಕ್ಕವು ಎಂಬುದು ಸರಿಯಾಗಿ ದಾಖಲಾಗಿತ್ತು. 2018ರಲ್ಲಿ ಇನ್ನೊಂದು ತಂಡ ಮೋಯಾರ್ ನದಿಯಿಂದ ಗೂನುಬೆನ್ನಿನ ಮಹಶೀರ್‌ಗಳನ್ನು ಪಡೆದು ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಪರೀಕ್ಷಿಸಿತು. ದೊಡ್ಡ ಗೂನುಬೆನ್ನಿನ ಮೀನೂ ಆ ಸಣ್ಣ ಮೀನೂ ಒಂದೇ ಪ್ರಭೇದ ಎಂದು ಗೊತ್ತಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಿದರು.

ಹೆಸರು ಸಿಗುವುದು ತಡವಾದರೆ ಏನು ನಷ್ಟ ಎಂದು ಕೇಳಬಹುದು. ಹೆಸರಿಲ್ಲದ ಪ್ರಾಣಿಯನ್ನು ರಕ್ಷಣೆಯ ಪಟ್ಟಿಗೆ ಸೇರಿಸಲಾಗುವುದಿಲ್ಲ. ಈ ನಡುವೆ ಹೊರಗಿನಿಂದ ತಂದ ಬೇರೆ ಪ್ರಭೇದದ ಮಹಶೀರ್ ಮರಿಗಳನ್ನು ದಶಕಗಳ ಕಾಲ ಕಾವೇರಿಗೆ ಬಿಡಲಾಯಿತು. ಮಹಶೀರ್ ಹೆಚ್ಚಾಗಿದೆ ಎಂದು ಎಲ್ಲರೂ ಸಂತೋಷಪಟ್ಟರು. ಹೆಚ್ಚಾದದ್ದು ಹೊರಗಿನ ಮೀನು, ಕಡಿಮೆಯಾದದ್ದು ನಮ್ಮದು. ದಾಖಲೆಯ ಮೀನಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರಿಂದ ಸಿಗದ ಉತ್ತರ ಚೀಟಿ ಕಟ್ಟಿದ ಚಿಕ್ಕ ಮೀನುಗಳಿಂದ ಸಿಕ್ಕಿತು.

ಗುಬ್ಬಚ್ಚಿ ಹಿಡಿದು ಹೋದ ಹುಡುಗ

ಮಾದರಿ ಎಂದರೇನು ಎಂಬುದನ್ನು ತಿಳಿಯಲು ಇನ್ನೊಬ್ಬರನ್ನು ನೆನೆಯಬೇಕು. ಡಾ. ಸಲೀಂ ಅಲಿ, 1896ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಅವರ ಮನೆಯಲ್ಲಿ ಬೆಳೆದರು. ಆಟದ ಬಂದೂಕಿನಿಂದ ಗುಬ್ಬಚ್ಚಿ ಹೊಡೆಯುವುದು ಅವರ ಹವ್ಯಾಸ. ಒಂದು ದಿನ ಹೊಡೆದ ಹಕ್ಕಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದನ್ನು ಮುಸಲ್ಮಾನರು ತಿನ್ನಬಹುದೇ ಎಂಬ ಅನುಮಾನ ಬಂತು. ಮಾವನ ಬಳಿ ಹೋದರು. ಮಾವನಿಗೂ ಹಕ್ಕಿಯ ಹೆಸರು ಗೊತ್ತಾಗಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಪತ್ರ ಕೊಟ್ಟು ಹುಡುಗನನ್ನು ಕಳುಹಿಸಿದರು.

ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿದರು. ಜೊತೆಗೆ ಬೀರುಗಳ ಸೆಳೆಗಳನ್ನು ಎಳೆದು ಒಳಗೆ ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಮುಂದೆ ಹಕ್ಕಿಯ ಚರ್ಮ ಸುಲಿದು ಕಾಪಾಡುವುದನ್ನೂ ಹುಡುಗ ಅಲ್ಲೇ ಕಲಿತ. ಇದು ತಿನ್ನಬಹುದೇ ಎಂಬ ಪ್ರಶ್ನೆಯಿಂದ ಹೊರಟವರು ಇದು ಯಾವುದು, ಎಲ್ಲಿಂದ ಬಂತು, ಏನು ತಿನ್ನುತ್ತದೆ ಎಂಬ ಪ್ರಶ್ನೆಗಳಿಗೆ ಬಂದು ನಿಂತರು. ವಿಶ್ವವಿದ್ಯಾಲಯದ ಪದವಿ ಇಲ್ಲದ ಅವರು ಭಾರತದ ಪಕ್ಷಿಶಾಸ್ತ್ರದಲ್ಲಿ ಅತಿ ದೊಡ್ಡ ಹೆಸರಾದರು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. 1976ರಲ್ಲಿ ಪದ್ಮವಿಭೂಷಣ ಬಂತು.

ಆ ಸೆಳೆಗಳಲ್ಲಿದ್ದ ಹಕ್ಕಿಗಳು ಗೋಡೆಯ ಹುಲಿಯಂತಿರಲಿಲ್ಲ. ಒಳಗೆ ಹತ್ತಿ, ರೆಕ್ಕೆ ಮಡಚಿ, ಕಾಲುಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿ, ಬೆನ್ನಿನ ಮೇಲೆ ಮಲಗಿಸಿದ ಹಕ್ಕಿಗಳು. ನೋಡಲು ಚೆಂದವೇನಿಲ್ಲ. ಆದರೆ ಪ್ರತಿಯೊಂದರ ಕಾಲಿಗೂ ಒಂದು ಚೀಟಿ. ಅದರಲ್ಲಿ ಸ್ಥಳ, ದಿನಾಂಕ, ಗಂಡೋ ಹೆಣ್ಣೋ, ಸಂಗ್ರಹಿಸಿದವರ ಹೆಸರು. ಆ ಚೀಟಿ ಕಳೆದುಹೋದರೆ ಉಳಿಯುವುದು ಹತ್ತಿ ತುಂಬಿದ ಚರ್ಮ ಮಾತ್ರ.

ಚೀಟಿಯ ಬೆಲೆ ಎಷ್ಟೆಂದು ತೋರಿಸಿದ ಪ್ರಸಿದ್ಧ ಉದಾಹರಣೆ ಬ್ರಿಟನ್ನಿನದು. ಅಲ್ಲಿ ಪೆರಿಗ್ರಿನ್ ಎಂಬ ಡೇಗೆ ಹಕ್ಕಿಗಳು ವೇಗವಾಗಿ ಕಡಿಮೆಯಾಗುತ್ತಿದ್ದವು, ಗೂಡಿನಲ್ಲೇ ಮೊಟ್ಟೆಗಳು ಒಡೆಯುತ್ತಿದ್ದವು. ಡೆರೆಕ್ ರ್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಯ ಚಿಪ್ಪುಗಳನ್ನು ಅಳೆದು ತೂಗಿ 1967ರಲ್ಲಿ ಫಲಿತಾಂಶ ಪ್ರಕಟಿಸಿದರು. 1940ರ ದಶಕದ ಕೊನೆಯ ಭಾಗದಿಂದ ಚಿಪ್ಪು ತೆಳುವಾಗಿತ್ತು. ಅದು ಡಿಡಿಟಿ ಕೀಟನಾಶಕ ಹೊಲಗಳಿಗೆ ಬಂದ ಕಾಲ. ಮೊಟ್ಟೆ ಸಂಗ್ರಹಿಸಿದವರು ಡಿಡಿಟಿಯ ಬಗ್ಗೆ ಕನಸಿನಲ್ಲೂ ಯೋಚಿಸಿರಲಿಲ್ಲ. ಮೊಟ್ಟೆಯ ಜೊತೆ ತಾರೀಕು ಬರೆದಿಟ್ಟಿದ್ದರು, ಅಷ್ಟೇ. ಆ ತಾರೀಕಿನಿಂದಲೇ ವಿಷ ಯಾವುದೆಂದು ಪತ್ತೆಯಾಯಿತು.

ಊರು ಒಂದೇ, ವಿಳಾಸ ಬೇರೆ

ಚೀಟಿಯಲ್ಲಿ ಐದು ಸಂಗತಿಗಳಿರಬೇಕು: ಇದು ಏನು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಸಂಗ್ರಹಿಸಿದರು, ಹೇಗೆ ಸಿಕ್ಕಿತು. ಇದರಲ್ಲಿ ಎಲ್ಲಿ ಎಂಬುದೇ ಹೆಚ್ಚು ತೊಂದರೆ ಕೊಡುವುದು.

ನಮ್ಮ ಕೌದಳ್ಳಿಯನ್ನೇ ತೆಗೆದುಕೊಳ್ಳಿ. 1950ರಲ್ಲಿ ಇಲ್ಲಿ ಒಂದು ಗಿಡ ಸಂಗ್ರಹಿಸಿದವರು ಮದ್ರಾಸ್ ರಾಜ್ಯ, ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು ಎಂದು ಬರೆಯಬೇಕಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ಜಿಲ್ಲೆ ಮೈಸೂರಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ತಾಲ್ಲೂಕು ಹನೂರು. ಊರು ಅಲ್ಲೇ ಇದೆ, ವಿಳಾಸ ಮಾತ್ರ ಮೂರು ಸಲ ಬದಲಾಗಿದೆ. ಯಾವುದೋ ಮ್ಯೂಸಿಯಂನಲ್ಲಿ ಕೊಯಮತ್ತೂರು ಜಿಲ್ಲೆ ಎಂದಷ್ಟೇ ಬರೆದ ಹಳೆಯ ಮಾದರಿ ನಮ್ಮ ಬೆಟ್ಟದ್ದೇ ಆಗಿದ್ದರೂ ಇಂದಿನ ವಿದ್ಯಾರ್ಥಿ ಅದನ್ನು ತಮಿಳುನಾಡಿನದೆಂದು ತಿಳಿಯುತ್ತಾನೆ. ಆದ್ದರಿಂದ ಊರಿನ ಹೆಸರು, ಹತ್ತಿರದ ಕೆರೆ ಅಥವಾ ರಸ್ತೆ, ಈಗ ಎಲ್ಲರ ಮೊಬೈಲ್‌ನಲ್ಲಿರುವ ಅಕ್ಷಾಂಶ ರೇಖಾಂಶ ಇಷ್ಟನ್ನೂ ಬರೆಯಬೇಕು. ಜಿಲ್ಲೆಯ ಹೆಸರು ಬದಲಾದರೂ ಅಕ್ಷಾಂಶ ಬದಲಾಗುವುದಿಲ್ಲ.

ಚೀಟಿಯನ್ನು ಬಾಲ್ ಪೆನ್ನಿನಲ್ಲಿ ಬರೆಯಬಾರದು. ಸ್ಪಿರಿಟ್ ತಾಗಿದರೆ ಶಾಯಿ ಕರಗುತ್ತದೆ. ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಜಾಡಿಯ ಒಳಗೇ ಹಾಕಿದರೆ ಹತ್ತಾರು ವರ್ಷ ಅಳಿಸುವುದಿಲ್ಲ. ಹೊರಗೆ ಅಂಟಿಸಿದ ಚೀಟಿ ಒಂದಲ್ಲ ಒಂದು ದಿನ ಉದುರುತ್ತದೆ.

ಕಾಡಿನಿಂದ ಏನನ್ನೂ ತರಬೇಡಿ

ಇಷ್ಟು ಓದಿದ ಮೇಲೆ ಸಂಗ್ರಹ ಮಾಡಬೇಕೆಂಬ ಆಸೆ ಹುಟ್ಟಿದರೆ ಒಳ್ಳೆಯದೇ. ಆದರೆ ನಮ್ಮ ಒಂದು ಕಡೆ ಮಲೆ ಮಹದೇಶ್ವರ ವನ್ಯಜೀವಿ ಧಾಮ, ಇನ್ನೊಂದು ಕಡೆ ಕಾವೇರಿ ವನ್ಯಜೀವಿ ಧಾಮ. ಕಾನೂನು ತಿಳಿಯದೆ ಕೈ ಹಾಕಿದರೆ ಓದುವ ವಯಸ್ಸಿನಲ್ಲೇ ಕೋರ್ಟು ಅಲೆಯಬೇಕಾಗುತ್ತದೆ.

ವನ್ಯಜೀವಿ ಕಾಯ್ದೆಯಲ್ಲಿ ಟ್ರೋಫಿ ಎಂದರೆ ಹುಲಿಯ ತಲೆ ಮಾತ್ರವಲ್ಲ. ಕೊಂಬು, ಮೂಳೆ, ಚಿಪ್ಪು, ಕೂದಲು, ಗರಿ, ಉಗುರು, ಹಲ್ಲು, ದಂತ, ಮೊಟ್ಟೆ, ಗೂಡು ಎಲ್ಲವೂ ಅದರಲ್ಲಿ ಬರುತ್ತವೆ. ರಕ್ಷಿತ ಪ್ರಾಣಿ ತಾನಾಗಿಯೇ ಸತ್ತಿದ್ದರೂ ಅದು ಸರ್ಕಾರದ ಆಸ್ತಿ. ಅಂಥದ್ದು ಯಾರ ಕೈಗಾದರೂ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಕಾಡಿನಲ್ಲಿ ಬಿದ್ದಿತ್ತು, ನಾನು ಕೊಂದಿಲ್ಲ ಎಂಬ ಮಾತು ಸಾಕಾಗುವುದಿಲ್ಲ. 2022ರ ತಿದ್ದುಪಡಿಯ ನಂತರ ಹುಲಿ, ಚಿರತೆ, ಆನೆಯಂಥ ಮೊದಲ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2023ರ ಅಕ್ಟೋಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡದ್ದಕ್ಕೆ ಬಂಧನವಾದದ್ದು ನಿಮಗೆ ನೆನಪಿರಬಹುದು. ನವಿಲು ತಾನಾಗಿ ಉದುರಿಸಿದ ಬಾಲದ ಗರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ ನಿಜ. ಆದರೆ ನವಿಲನ್ನು ಕೊಂದು ಕಿತ್ತ ಗರಿಗೆ ಇಲ್ಲ, ಧಾಮದೊಳಗೆ ಹೋಗಿ ಹೆಕ್ಕಿ ತರಲೂ ಅವಕಾಶವಿಲ್ಲ. ಮ್ಯೂಸಿಯಂ ಮತ್ತು ಸಂಶೋಧನಾ ಸಂಸ್ಥೆಗಳು ಕೂಡ ಅನುಮತಿ ಪತ್ರ ಪಡೆದೇ ಸಂಗ್ರಹಿಸಬೇಕು.

ಈ ಕಾನೂನು ಯಾಕೆ ಬೇಕೆಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ದಂತಕ್ಕಾಗಿ ಆನೆಗಳು ಸತ್ತ ಕಾಲವನ್ನು ಮನೆಯ ಹಿರಿಯರು ಕಂಡಿದ್ದಾರೆ. 2025ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಈಗ ಹುಲಿ ಸತ್ತರೆ ಅದರ ಚರ್ಮವನ್ನು ಯಾರೂ ಹದಮಾಡುವುದಿಲ್ಲ. ಮರಣೋತ್ತರ ಪರೀಕ್ಷೆಯ ನಂತರ ಉಗುರು, ಚರ್ಮ ಯಾರ ಕೈಗೂ ಸಿಗದಂತೆ ಅಧಿಕಾರಿಗಳ ಎದುರೇ ಸುಡಬೇಕು ಎಂಬುದು ನಿಯಮ. ಉಳಿಯುವುದು ಪ್ರಯೋಗಾಲಯಕ್ಕೆ ಹೋಗುವ ಅಂಗಾಂಶದ ಸಣ್ಣ ಡಬ್ಬಿಗಳು, ಅವುಗಳ ಮೇಲಿನ ಚೀಟಿಗಳು. ವಿಷ ಯಾವುದು ಎಂದು ಕೋರ್ಟಿನಲ್ಲಿ ಹೇಳಬಲ್ಲ ಸಾಕ್ಷಿ ಅದೇ. ಚೀಟಿಯಲ್ಲಿ ಸಂಖ್ಯೆಯೋ ದಿನಾಂಕವೋ ತಪ್ಪಿದರೆ ಆ ಸಾಕ್ಷಿ ಬಿದ್ದುಹೋಗುತ್ತದೆ.

ವಿನೋದಕ್ಕಾಗಿ ಜೀವ ತೆಗೆಯಬಾರದು ಎಂದು ನಮ್ಮಲ್ಲಿ ಹಲವರಿಗೆ ಮದರಸಾದಲ್ಲಿ, ಉಳಿದವರಿಗೆ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಕಾಯ್ದೆ ಹೇಳುವುದೂ ಅದನ್ನೇ.

ನಾವು ಮಾಡಬಹುದಾದದ್ದು

ಕಾಡಿಗೆ ಹೋಗದೆ, ಯಾವ ಜೀವವನ್ನೂ ಕೊಲ್ಲದೆ ಒಳ್ಳೆಯ ಸಂಗ್ರಹ ಮಾಡಬಹುದು.

ಮೊದಲನೆಯದು ಮೇಕೆಯ ತಲೆಬುರುಡೆ. ಮಟನ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಬಕ್ರೀದ್ ಸಮಯದಲ್ಲಂತೂ ಮನೆಯಲ್ಲೇ ಇರುತ್ತದೆ. ಮಾಂಸ ತೆಗೆದ ಬುರುಡೆಯನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ನೀರು ತುಂಬಿ, ಮನೆಯಿಂದ ದೂರ ಎರಡು ಮೂರು ವಾರ ಇಡಿ. ಬ್ಯಾಕ್ಟೀರಿಯಾಗಳೇ ಉಳಿದ ಮಾಂಸವನ್ನು ಬಿಡಿಸುತ್ತವೆ. ನಡುನಡುವೆ ನೀರು ಬದಲಿಸಿ, ಕಳಚಿದ ಹಲ್ಲುಗಳನ್ನು ಚೆಲ್ಲದೆ ತೆಗೆದಿಡಿ. ಆಮೇಲೆ ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ಕೆಲವು ದಿನ ನೆನೆಸಿದರೆ ಜಿಡ್ಡು ಹೋಗುತ್ತದೆ. ಕೊನೆಗೆ ಮೆಡಿಕಲ್ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದೆರಡು ದಿನ ಇಟ್ಟರೆ ಬಿಳಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ಅದು ಮೂಳೆಯನ್ನೇ ತಿನ್ನುತ್ತದೆ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕಾಯಿಲೆಯಿಂದ ಸತ್ತ ದನ, ಕುರಿ, ಮೇಕೆಯ ಮೂಳೆ ಮುಟ್ಟಬೇಡಿ. ಆಂಥ್ರಾಕ್ಸ್‌ನಂಥ ರೋಗ ಮನುಷ್ಯರಿಗೂ ಬರುತ್ತದೆ.

ಈ ಬುರುಡೆಯಿಂದ ಕಲಿಯುವುದು ಬಹಳ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ಕೆಳಗಿನ ಮುಂಭಾಗದಲ್ಲಿ ಎಂಟು ಹಲ್ಲು. ಕುರ್ಬಾನಿಗೆ ಮೇಕೆ ಕೊಳ್ಳುವಾಗ ಹಿರಿಯರು ಬಾಯಿ ತೆರೆಸಿ ಎರಡು ಹಲ್ಲು ಹಾಕಿದೆಯಾ ಎಂದು ನೋಡುತ್ತಾರಲ್ಲ, ಅದು ಇದನ್ನೇ. ನಡುವಿನ ಹಾಲುಹಲ್ಲುಗಳೆರಡು ಬಿದ್ದು ಶಾಶ್ವತ ಹಲ್ಲು ಬಂದಿದ್ದರೆ ವರ್ಷ ದಾಟಿದೆ ಎಂದರ್ಥ. ಬೇರೆ ಬೇರೆ ವಯಸ್ಸಿನ ಐದಾರು ಬುರುಡೆಗಳನ್ನು ಚೀಟಿಯೊಂದಿಗೆ ಸಾಲಾಗಿ ಇಟ್ಟರೆ ಹಿರಿಯರ ಆ ಜ್ಞಾನವೇ ನಮ್ಮ ಲ್ಯಾಬಿನ ಪಾಠವಾಗುತ್ತದೆ.

ಎರಡನೆಯದು ಹರ್ಬೇರಿಯಂ. ಹೊಲದ ಬದು, ರಸ್ತೆ ಬದಿಯ ಕಳೆಗಿಡಗಳನ್ನು ಹೂವು ಅಥವಾ ಕಾಯಿಯ ಸಮೇತ ತೆಗೆದು ಹಳೆಯ ಪತ್ರಿಕೆಗಳ ನಡುವೆ ಹರಡಿ ಮೇಲೆ ಭಾರ ಇಡಿ. ಮೊದಲ ಕೆಲವು ದಿನ ದಿನವೂ ಕಾಗದ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು ಅಥವಾ ಅಂಟಿಸಿ, ಬಲಗಡೆ ಕೆಳಮೂಲೆಯಲ್ಲಿ ಚೀಟಿ ಹಚ್ಚಿ. ಗಿಡಕ್ಕೆ ಅಜ್ಜಿ ಹೇಳುವ ಹೆಸರನ್ನು, ಸೋಲಿಗರು ಹೇಳುವ ಹೆಸರು ಗೊತ್ತಾದರೆ ಅದನ್ನೂ ಬರೆಯಿರಿ. ಪಾಠಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಮೂರನೆಯದು ಟ್ಯೂಬ್‌ಲೈಟಿನ ಕೆಳಗೆ ಬೆಳಿಗ್ಗೆ ಸತ್ತು ಬಿದ್ದಿರುವ ಸಾಮಾನ್ಯ ಹುಳುಗಳು. ಇರುವೆ ಮುಟ್ಟದಂತೆ ಒಣಗಿಸಿ, ಬೆಂಡಿನ ಮೇಲೆ ಸೂಜಿಯಿಂದ ಚುಚ್ಚಿ, ಮುಚ್ಚಿದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಡಿ. ಜೀವಂತ ಚಿಟ್ಟೆ ಹಿಡಿಯಬೇಡಿ, ಕೆಲವು ಚಿಟ್ಟೆಗಳು ರಕ್ಷಿತ ಪಟ್ಟಿಯಲ್ಲಿವೆ. ಒಂದು ವರ್ಷ ಪ್ರತಿ ತಿಂಗಳೂ ಸಂಗ್ರಹಿಸಿದರೆ ಯಾವ ಹುಳು ಯಾವ ತಿಂಗಳು ಬರುತ್ತದೆಂದು ತಿಳಿಯುತ್ತದೆ.

ಚೀಟಿ ಹೇಗಿರಬೇಕೆಂಬುದಕ್ಕೆ ಒಂದು ನಮೂನೆ:

ಸಂಖ್ಯೆ: 7
ಏನು: ಮೇಕೆಯ ತಲೆಬುರುಡೆ, ಗಂಡು, ಎರಡು ಹಲ್ಲು
ಎಲ್ಲಿ: ಕೌದಳ್ಳಿ, ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ (ಅಕ್ಷಾಂಶ, ರೇಖಾಂಶ)
ಯಾವಾಗ: ದಿನ, ತಿಂಗಳು, ವರ್ಷ ಪೂರ್ತಿಯಾಗಿ
ಯಾರು: ಸಂಗ್ರಹಿಸಿದ ವಿದ್ಯಾರ್ಥಿಯ ಹೆಸರು, ತರಗತಿ
ಹೇಗೆ: ಮಟನ್ ಅಂಗಡಿಯಿಂದ, ನೀರಿನಲ್ಲಿ ಕೊಳೆಸಿ ಸ್ವಚ್ಛಗೊಳಿಸಿದ್ದು

ಮೈಸೂರಿಗೆ ಹೋದವರು ಕಾರಂಜಿ ಕೆರೆಯ ಪಕ್ಕದಲ್ಲಿರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವನ್ನು ನೋಡಿ ಬನ್ನಿ. 1995ರಲ್ಲಿ ಆರಂಭವಾದ ಅಲ್ಲಿ ಪ್ರಾಣಿಗಳನ್ನು ಅವು ಬದುಕುವ ಪರಿಸರದ ಜೊತೆ ಇಟ್ಟು ತೋರಿಸಿದ್ದಾರೆ. ಪ್ರತಿ ಮಾದರಿಯ ಮುಂದೆ ನಿಂತು ಮೊದಲು ಚೀಟಿ ಓದಿ, ಆಮೇಲೆ ಪ್ರಾಣಿಯನ್ನು ನೋಡಿ.

ಯಾವ ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲೂ ಫಾರ್ಮಲಿನ್ ಜಾಡಿಗಳ ಮೇಲಿನ ಚೀಟಿಗಳು ಕಾಲ ಕಳೆದಂತೆ ಮಾಸುತ್ತವೆ. ತಂದಿಟ್ಟ ಅಧ್ಯಾಪಕರು ನಿವೃತ್ತರಾದರೆ ಆ ಮಾದರಿ ಎಲ್ಲಿಯದು, ಯಾವ ವರ್ಷದ್ದು ಎಂದು ಹೇಳುವವರಿರುವುದಿಲ್ಲ. ಈ ವರ್ಷ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ನಾಲ್ಕೈದು ಜನರ ಗುಂಪು ಮಾಡಿಕೊಂಡು ನಮ್ಮ ಲ್ಯಾಬಿನ ಜಾಡಿಗಳ ಪಟ್ಟಿ ಮಾಡಬಹುದು. ಮಾಸಿದ ಚೀಟಿಯಲ್ಲಿ ಓದಲು ಬರುವಷ್ಟನ್ನು ಓದಿ, ಹಳೆಯ ಅಧ್ಯಾಪಕರನ್ನು ಕೇಳಿ, ಗೊತ್ತಾದದ್ದನ್ನು ಮಾತ್ರ ಹೊಸ ಚೀಟಿಯಲ್ಲಿ ಬರೆಯಬೇಕು. ಗೊತ್ತಾಗದ್ದನ್ನು ಊಹಿಸಿ ತುಂಬಬಾರದು, ಖಾಲಿ ಬಿಡಬೇಕು. ಜಾಡಿ ತೆರೆಯುವುದು ಬೇಡ, ಫಾರ್ಮಲಿನ್ ಆವಿ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಹಳೆಯ ಚೀಟಿಯನ್ನು ಎಸೆಯದೆ ಹೊಸದರ ಪಕ್ಕದಲ್ಲೇ ಉಳಿಸಬೇಕು. ಕೆಲಸ ಆರಂಭಿಸಲು ಬೇಕಾದದ್ದು ಒಂದು ನೋಟ್ ಪುಸ್ತಕ ಮತ್ತು ಒಂದು ಪೆನ್ಸಿಲ್.